ಪ್ರಾಣರಕ್ಷಣೆಯೂ ದಾಸೋಹವೇ

ವ್ಯಾಕರಣ, ಛಂದಸ್ಸುಗಳನ್ನು ಬೋಧಿಸುವ ಪಂಡಿತನಿಗೆ ವೈದ್ಯಶಾಸ್ತ್ರದ ಗೊಡವೆ ಏತಕ್ಕೆಂದು ವಾಚಕ ಮಹನೀಯರು ಕೇಳಬಹುದು. ಪದದ ಅರ್ಥ ತಪ್ಪಿದರೆ ಸಾಮಾನ್ಯವಾಗಿ ಪದ್ಯ ಕೆಡುತ್ತದೆ. ಕೆಲವು ಪದಗಳ ಅರ್ಥ ತಪ್ಪಿದರೆ ಪ್ರಾಣಕ್ಕೇ ಸಂಚಕಾರ ಒದಗುತ್ತದೆ. ‘ಹೃದಯಸ್ತಂಭನ’ ಅಂತಹುದೊಂದು ಪದ.

ಹೃದಯಾಘಾತ, ಹೃದಯಸ್ತಂಭನಗಳನ್ನು ನಾವು ಒಂದೇ ಎಂಬಂತೆ ಬಳಸುತ್ತೇವೆ. ಹೃದಯದ ಸ್ನಾಯುವಿಗೆ ರಕ್ತವೊಯ್ಯುವ ನಾಳ ಮುಚ್ಚಿಕೊಳ್ಳುವುದು ಆಘಾತ; ಆಗಲೂ ಹೃದಯ ಸಾಮಾನ್ಯವಾಗಿ ಮಿಡಿಯುತ್ತಲೇ ಇರುತ್ತದೆ. ದೇಹದಲ್ಲಿ ರಕ್ತಸಂಚಾರವೇ ನಿಂತುಹೋಗುವುದು ಸ್ತಂಭನ. ಸ್ತಂಭನವೆಂದೊಡನೆ ಹೃದಯ ಕಂಬದಂತೆ ನಿಶ್ಚಲವಾಯಿತೆಂದು ಭಾವಿಸುತ್ತೇವೆ. ಆದರೆ ಅನೇಕ ವೇಳೆ ಅದು ಮೊದಲ ನಿಮಿಷಗಳಲ್ಲಿ ನಿಂತಿರುವುದಿಲ್ಲ, ನಡುಗುತ್ತಿರುತ್ತದೆ.

ಹೃದಯದ ಬಲಮೇಲ್ಭಾಗದಲ್ಲಿ ಸೈನಸ್ ನೋಡ್ ಎಂಬ ಪುಟ್ಟ ಕೇಂದ್ರವೊಂದಿದೆ. ವಿಶ್ರಾಂತಿಯಲ್ಲಿರುವಾಗ ನಿಮಿಷಕ್ಕೆ 60ರಿಂದ 100 ಸಲ ಅದರಿಂದ ಹೊರಡುವ ವಿದ್ಯುತ್ಪ್ರೇರಣೆಯಂತೆ ಸ್ನಾಯುವೆಲ್ಲ ಕ್ರಮವಾಗಿ ಸಂಕುಚಿಸುತ್ತದೆ. ಕ್ರಮ ತಪ್ಪಿದಾಗ ಎಳೆಯೆಳೆಯೂ ತನ್ನಿಚ್ಛೆಯಂತೆ ಕಂಪಿಸಿ, ರಕ್ತ ಮುಂದೆ ಸಾಗದಾಗುತ್ತದೆ. ಇದನ್ನು ವೈದ್ಯರು ಫಿಬ್ರಿಲೇಷನ್ ಎನ್ನುತ್ತಾರೆ. ತರಗತಿಯ ಹುಡುಗರೆಲ್ಲ ಒಟ್ಟಿಗೆ ಕೂಗತೊಡಗಿದರೆ ಪಾಠ ನಡೆಯುವುದುಂಟೆ? ಉಪಾಧ್ಯಾಯರು ಮೇಜನ್ನೊಮ್ಮೆ ಬಲವಾಗಿ ಕುಟ್ಟುತ್ತಾರೆ, ಕ್ಷಣಕಾಲ ನಿಶ್ಶಬ್ದ, ಬಳಿಕ ಪಾಠ ಮುಂದುವರಿಯುತ್ತದೆ. ಡಿಫಿಬ್ರಿಲೇಟರ್ ಯಂತ್ರದ ಕೆಲಸವೂ ಇದೇ. ಎದೆಯ ಮೂಲಕ ಹಾಯುವ ಕ್ಷಣಿಕ ವಿದ್ಯುತ್ತು ಆ ಗೊಂದಲವನ್ನು ಅಡಗಿಸುತ್ತದೆ. ಆ ಮೌನದಲ್ಲಿ ಸಹಜ ಕೇಂದ್ರಕ್ಕೆ ಮತ್ತೆ ಲಯ ಹಿಡಿಯಲು ಅವಕಾಶ ದೊರೆಯುತ್ತದೆ. ಪೂರ್ಣ ನಿಶ್ಚಲವಾದ ಹೃದಯಕ್ಕೆ ಈ ಆಘಾತದಿಂದ ಪ್ರಯೋಜನವಿಲ್ಲ. ಆದುದರಿಂದಲೇ ಕಂಪನವಿರುವಾಗಲೇ ನೆರವು ತಲುಪಬೇಕು.

1947ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಶಸ್ತ್ರವೈದ್ಯ ಕ್ಲಾಡ್ ಬೆಕ್ ಅವರು ಶಸ್ತ್ರಚಿಕಿತ್ಸೆಯ ವೇಳೆ 14 ವರ್ಷದ ಬಾಲಕನ ತೆರೆದ ಎದೆಯಲ್ಲೇ ವಿದ್ಯುತ್ತು ಹಾಯಿಸಿ ಅವನನ್ನು ಬದುಕಿಸಿದರು. 1965ರಲ್ಲಿ ಬೆಲ್‌ಫಾಸ್ಟಿನ ವೈದ್ಯ ಫ್ರಾಂಕ್ ಪ್ಯಾಂಟ್ರಿಜ್ ಸುಮಾರು 70 ಕಿಲೋ ತೂಕದ ಯಂತ್ರವನ್ನು ಆಂಬುಲೆನ್ಸಿನಲ್ಲಿರಿಸಿ ರೋಗಿಯಿದ್ದೆಡೆಗೇ ಒಯ್ದರು. ಇಂದು ಒಂದು ಕೈಯಲ್ಲಿ ಹಿಡಿಯಬಹುದಾದ ಸ್ವಯಂಚಾಲಿತ ಯಂತ್ರಗಳಿವೆ. ಪಟ್ಟಿಗಳನ್ನು ಎದೆಗೆ ಅಂಟಿಸಿದರೆ ಯಂತ್ರವೇ ಲಯವನ್ನು ಪರೀಕ್ಷಿಸಿ, ಮಾಡಬೇಕಾದುದನ್ನು ಮಾತಿನಲ್ಲಿ ತಿಳಿಸುತ್ತದೆ. ಅಗತ್ಯವಿಲ್ಲದಿದ್ದರೆ ವಿದ್ಯುತ್ತನ್ನು ಬಿಡುವುದಿಲ್ಲ. ‘ನಾವು ವೈದ್ಯರಲ್ಲ, ತಪ್ಪಾದರೇನು ಗತಿ?’ ಎಂಬ ಅಂಜಿಕೆಗೆ ಇದೇ ಸಮಾಧಾನ.

ಎದೆಯೊತ್ತುವ ಉಪಚಾರವಿಲ್ಲದೆ ಕಳೆಯುವ ಒಂದೊಂದು ನಿಮಿಷಕ್ಕೂ ಬದುಕುಳಿಯುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಕುಗ್ಗುತ್ತದೆ. 108ಕ್ಕೆ ಕರೆ ಮಾಡಿಸಿ, ವಾಹನ ಬರುವವರೆಗೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, ವಯಸ್ಕರಿಗೆ ಸುಮಾರು 5 ಸೆಂಟಿಮೀಟರ್ ಆಳ ಒತ್ತುತ್ತಿರಬೇಕು. ಇದನ್ನು ನಮ್ಮ ಉಪಾಧ್ಯಾಯರೂ ಮೇಲಿನ ತರಗತಿಯ ವಿದ್ಯಾರ್ಥಿಗಳೂ ಪ್ರತಿವರ್ಷ ವೈದ್ಯರ ಮುಂದೆ ಅಭ್ಯಾಸ ಮಾಡಬೇಕೆಂದು ನನ್ನ ವಿನಮ್ರ ಅಭಿಪ್ರಾಯ.

ದಾನಿಗಳಲ್ಲಿ ಒಂದು ಅರಿಕೆ. ಕೊಠಡಿ ಕಟ್ಟಿಸಿದವರ ಹೆಸರು ಶಿಲೆಯಲ್ಲಿ ಉಳಿಯುವುದು ಯೋಗ್ಯವೇ. ಅನ್ನ, ಅಕ್ಷರ, ಆಶ್ರಯಗಳ ದಾಸೋಹ ನಡೆಯುವೆಡೆ, ಜಾತ್ರೆ-ಉತ್ಸವಗಳಲ್ಲಿ ಸಾವಿರಾರು ಜನ ಸೇರುವೆಡೆ, ಇಂತಹ ಯಂತ್ರವೊಂದೂ ಇರಲಿ. ಅದರ ಬ್ಯಾಟರಿ, ಪಟ್ಟಿಗಳ ಅವಧಿಯನ್ನು ನೋಡಿಕೊಳ್ಳುವ ಹೊಣೆ ಒಬ್ಬರಿಗೆ ಸೇರಿರಲಿ. ಮುಖ್ಯೋಪಾಧ್ಯಾಯರ ಕೊಠಡಿಯ ಬೀರುವಿನಲ್ಲಿ ಮಾತ್ರ ಅದನ್ನು ಭದ್ರಪಡಿಸಬಾರದು. ಶ್ರೀಮಠದ ದಾಸೋಹಕ್ಕೆ ಎಂದೂ ಬೀಗ ಹಾಕಿದ್ದಿಲ್ಲ. ಇದಕ್ಕೂ ಹಾಕುವುದು ಬೇಡ.