ಬಡ್ಡಿಯ ಪುಣ್ಯ, ಮೂಲಧನದ ಹೊಣೆ

ದಾನದ ಲೆಕ್ಕವನ್ನು ಶಿಲಾಫಲಕದ ಮೇಲೆ ಕೆತ್ತಿಸುವ ಸಂಸ್ಥೆಗಳು ಮೂಲಧನದ ಲೆಕ್ಕವನ್ನು ಕಪಾಟಿನೊಳಗಿಟ್ಟು ಬೀಗ ಹಾಕುತ್ತವೆ. ಎಷ್ಟು ಮಕ್ಕಳಿಗೆ ವಿದ್ಯಾರ್ಥಿವೇತನ ದೊರೆಯಿತು, ಎಷ್ಟು ರೋಗಿಗಳಿಗೆ ಔಷಧ ಸಂದಿತು ಎಂಬುದನ್ನು ವಾರ್ಷಿಕ ವರದಿಯು ಸವಿಸ್ತಾರವಾಗಿ ಹೇಳುತ್ತದೆ. ಆ ದಾನವನ್ನು ಸಾಧ್ಯವಾಗಿಸಿದ ನಿಧಿಯು ವರ್ಷವಿಡೀ ಎಲ್ಲಿ ದುಡಿಯಿತು, ಯಾರ ಕೈಯಿಂದ ಯಾವ ಕೆಲಸ ಮಾಡಿಸಿತು ಎಂಬ ಪ್ರಶ್ನೆಗೆ ಮಾತ್ರ ಅದರಲ್ಲಿ ಉತ್ತರವಿರುವುದಿಲ್ಲ.

ಅಮೆರಿಕದ ಕಾನೂನಿನಂತೆ ಖಾಸಗಿ ದತ್ತಿ ಪ್ರತಿಷ್ಠಾನಗಳು ತಮ್ಮ ಆಸ್ತಿಯ ಸುಮಾರು ಶೇಕಡಾ 5ರಷ್ಟನ್ನು ಪ್ರತಿವರ್ಷ ಧರ್ಮಕಾರ್ಯಗಳಿಗೆ ವಿನಿಯೋಗಿಸಬೇಕು. ಉಳಿದ 95 ಪಾಲು ಮಾರುಕಟ್ಟೆಯಲ್ಲಿರುತ್ತದೆ. ಐದು ರೂಪಾಯಿ ಶ್ವಾಸಕೋಶದ ಚಿಕಿತ್ಸೆಗೆ ಹೋಗಿ, ತೊಂಬತ್ತೈದರಲ್ಲಿ ಒಂದಂಶ ತಂಬಾಕು ಕಂಪನಿಯ ಷೇರಿನಲ್ಲಿ ಕುಳಿತಿದ್ದರೆ ಅಂತಹ ಸಂಸ್ಥೆಯ ಧರ್ಮ ಯಾವುದು? 2017ರಲ್ಲಿ ಫೋರ್ಡ್ ಪ್ರತಿಷ್ಠಾನವು ತನ್ನ ಸುಮಾರು 1,200 ಕೋಟಿ ಡಾಲರ್ ನಿಧಿಯಿಂದ 100 ಕೋಟಿ ಡಾಲರುಗಳನ್ನು ಹತ್ತು ವರ್ಷಗಳಲ್ಲಿ ಧ್ಯೇಯಕ್ಕೆ ಹೊಂದುವ ಹೂಡಿಕೆಗಳಲ್ಲಿ, ಮೊದಲಿಗೆ ಬಡವರ ವಸತಿ ಮತ್ತು ಹಣಕಾಸು ಸೇವೆಗಳಲ್ಲಿ, ತೊಡಗಿಸಲು ನಿರ್ಧರಿಸಿತು. ಇದು ದಾನವಲ್ಲ. ಇಲ್ಲಿ ಅಸಲು ಮರಳಬೇಕು, ಆದಾಯವೂ ಬರಬೇಕು, ಅದರೊಡನೆ ಆದ ಲೋಕಹಿತವನ್ನು ಅಳೆದು ತೋರಿಸಬೇಕು. 2007ರಿಂದೀಚೆಗೆ ‘ಇಂಪ್ಯಾಕ್ಟ್ ಇನ್ವೆಸ್ಟಿಂಗ್’ ಎಂಬ ಹೆಸರಿನಿಂದ ಪರಿಚಿತವಾಗಿರುವ ಪದ್ಧತಿ ಇದೇ. ಫೋರ್ಡ್ ತೆಗೆದಿರಿಸಿದ್ದು ಹನ್ನೆರಡರಲ್ಲಿ ಒಂದು ಪಾಲು ಮಾತ್ರ. ಅಷ್ಟಕ್ಕೂ ಮುಂದಾಗದ ಸಂಸ್ಥೆಗಳೇ ಹೆಚ್ಚು.

ಪರರ ಹಣದ ಪಾಲಕರಿಗೆ ಹೆಚ್ಚಿನ ಲಾಭ ತರುವುದೊಂದೇ ಕರ್ತವ್ಯ ಎಂಬ ವಾದವನ್ನು ಅವು ಗುರಾಣಿಯಂತೆ ಹಿಡಿಯುತ್ತವೆ. 1984ರಲ್ಲಿ ಗಣಿಕಾರ್ಮಿಕರ ಪಿಂಚಣಿ ನಿಧಿಯ ಮೊಕದ್ದಮೆಯಲ್ಲಿ ಇಂಗ್ಲೆಂಡಿನ ನ್ಯಾಯಾಲಯವು, ಫಲಾನುಭವಿಗಳ ಆರ್ಥಿಕ ಹಿತವನ್ನೇ ಪಾಲಕರು ಮುಂದಿಡಬೇಕೆಂದು ತೀರ್ಪಿತ್ತದ್ದು ನಿಜ. ಆದರೆ ಪಿಂಚಣಿಯ ಹಣ ನಿವೃತ್ತರದು, ದತ್ತಿಯ ಹಣ ಉದ್ದೇಶದ್ದು. 2022ರಲ್ಲಿ ಎರಡು ದತ್ತಿಸಂಸ್ಥೆಗಳ ಅರ್ಜಿಯ ಮೇಲೆ ಅದೇ ದೇಶದ ಹೈಕೋರ್ಟು, ಸಂಭಾವ್ಯ ನಷ್ಟವನ್ನು ವಿವೇಕದಿಂದ ತೂಗಿನೋಡಿದ ಬಳಿಕ, ತಮ್ಮ ಧ್ಯೇಯಕ್ಕೆ ವಿರುದ್ಧವಾದ ಹೂಡಿಕೆಗಳನ್ನು ಧರ್ಮದರ್ಶಿಗಳು ಕೈಬಿಡಬಹುದೆಂದು ಸ್ಪಷ್ಟಪಡಿಸಿತು. ಗುರಾಣಿ ಸೀಳಿದೆ, ಹಿಡಿದ ಕೈಗಳಿಗೆ ಅದು ತಿಳಿದಿಲ್ಲ, ಇಲ್ಲವೇ ತಿಳಿಯುವುದು ಬೇಕಿಲ್ಲ.

ಕೃತ, ಕಾರಿತ, ಅನುಮೋದಿತ ಎಂಬ ಮೂರು ಮಾತುಗಳನ್ನು ಬಾಲ್ಯದಿಂದ ಕೇಳಿದ ಶ್ರಾವಕನಿಗೆ ಈ ವಿಷಯದಲ್ಲಿ ನ್ಯಾಯಾಲಯದ ತೀರ್ಪು ಬೇಕಾಗಿಲ್ಲ. ತಾನು ಮಾಡದಿದ್ದರೂ ಹಣಕೊಟ್ಟು ಮಾಡಿಸಿದುದು ಕಾರಿತ. ಅದರ ಲಾಭಾಂಶವನ್ನು ಮರುಮಾತಿಲ್ಲದೆ ಪಡೆದುದು ಅನುಮೋದಿತ.

ನಷ್ಟದ ಭೀತಿ ಎರಡನೆಯ ನೆಪ. ಭಾರತ ಸರ್ಕಾರವು 2023ರ ಜನವರಿಯಲ್ಲಿ ಹಸಿರು ಬಾಂಡುಗಳ ಹರಾಜನ್ನು ಆರಂಭಿಸಿತು. ಅವುಗಳ ಅಸಲಿಗೆ ಸರ್ಕಾರದ ಇತರ ಬಾಂಡುಗಳಿಗಿರುವ ಭದ್ರತೆಯೇ ಇದೆ. ಆದರೂ 2024ರ ಮೇ ತಿಂಗಳಲ್ಲಿ 6,000 ಕೋಟಿ ರೂಪಾಯಿಗಳ ಹರಾಜಿಗೆ ಬಂದ ಎಲ್ಲ ಬಿಡ್ಡುಗಳನ್ನೂ ರಿಸರ್ವ್ ಬ್ಯಾಂಕು ತಿರಸ್ಕರಿಸಬೇಕಾಯಿತು. ದೊಡ್ಡ ಹೂಡಿಕೆದಾರರು ಬಡ್ಡಿಯಲ್ಲಿ ಕೂದಲೆಳೆಯಷ್ಟನ್ನೂ ಬಿಡಲು ಸಿದ್ಧರಿರಲಿಲ್ಲ. ಇದನ್ನು ಎಚ್ಚರಿಕೆಯೆಂದು ಕರೆಯುವುದು ಭಾಷೆಗೆ ಮಾಡುವ ಅಪಚಾರ.

ಇದಕ್ಕೆ ಪ್ರತಿಯಾದ ನಿದರ್ಶನ ಕರ್ನಾಟಕದಲ್ಲಿಯೇ ಇದೆ. 1995ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಸೆಲ್ಕೋ ಸಂಸ್ಥೆಯು ಬಡ ಮನೆಗಳಿಗೆ ಸೌರದೀಪಗಳನ್ನು ಬಿಟ್ಟಿಯಾಗಿ ಹಂಚಲಿಲ್ಲ. ಗ್ರಾಮೀಣ ಬ್ಯಾಂಕುಗಳ ಮನವೊಲಿಸಿ ಸಾಲ ಕೊಡಿಸಿ, ಕಂತುಗಳನ್ನು ದುಡಿಮೆಗೆ ಹೊಂದಿಸಿತು. ಬಡವನಿಗೆ ಸಾಲ ತೀರಿಸುವ ಶಕ್ತಿಯಿಲ್ಲವೆಂಬ ಹಳೆಯ ನಂಬಿಕೆಯನ್ನು ಆ ದೀಪಗಳು ಸುಳ್ಳಾಗಿಸಿದವು.

ಲೋಕಹಿತದ ಹೆಸರು ಹೊತ್ತ ಎಲ್ಲವೂ ಲೋಕಹಿತವಾಗದೆಂಬುದನ್ನೂ ಒಪ್ಪಬೇಕು. 2010ರಲ್ಲಿ ಆಂಧ್ರಪ್ರದೇಶದ ಕಿರುಸಾಲ ಉದ್ಯಮವು ಷೇರುಪೇಟೆಯ ಲಾಭದ ಹಿಂದೆ ಓಡಿ, ವಸೂಲಿಯ ಕ್ರೌರ್ಯದ ಆರೋಪಗಳಿಗೆ ಗುರಿಯಾಗಿ, ಕೊನೆಗೆ ಸುಗ್ರೀವಾಜ್ಞೆಯನ್ನು ಎದುರಿಸಬೇಕಾಯಿತು. ಅಲ್ಲಿ ಲಾಭವನ್ನು ಅಳೆದವರು ಹಿತವನ್ನು ಅಳೆಯಲಿಲ್ಲ. ಅದರಿಂದ ಕಲಿಯಬೇಕಾದ ಪಾಠ ಹಿಂಜರಿಕೆಯದಲ್ಲ, ಕಠಿಣ ಪರೀಕ್ಷೆಯದು.

ಬಸದಿಗಳ ಹಾಗೂ ವಿದ್ಯಾಸಂಸ್ಥೆಗಳ ಟ್ರಸ್ಟುಗಳು ಎಲ್ಲಿ ಹಣ ತೊಡಗಿಸಬಹುದೆಂಬುದನ್ನು ಆದಾಯ ತೆರಿಗೆ ಕಾನೂನು ಪಟ್ಟಿಮಾಡಿದೆ. ಆ ಪಟ್ಟಿ ಕಿರಿದು. ಅದು ವಿಸ್ತಾರವಾಗಬೇಕೆಂದು ಟ್ರಸ್ಟುಗಳು ಒಟ್ಟಾಗಿ ಸರ್ಕಾರವನ್ನು ಒತ್ತಾಯಿಸಬೇಕು. ಅಲ್ಲಿಯವರೆಗೆ ಕೈಕಟ್ಟಿ ಕುಳಿತಿರಬೇಕಾದ ಕಾರಣವಿಲ್ಲ. ಕೇಂದ್ರ ಸರ್ಕಾರದ ಸಾಲಪತ್ರಗಳು ಪಟ್ಟಿಯಲ್ಲಿಯೇ ಇವೆ. ಹಸಿರು ಬಾಂಡೂ ಅಂತಹ ಸಾಲಪತ್ರವೇ. ಮ್ಯೂಚುವಲ್ ಫಂಡುಗಳು ಯಾವ ಕಂಪನಿಗಳ ಷೇರುಗಳನ್ನು ಹೊಂದಿವೆಯೆಂಬುದು ಪ್ರಕಟವಾಗುವ ಮಾಹಿತಿ; ಅದನ್ನು ಓದಲು ಒಂದು ಸಂಜೆ ಸಾಕು.

ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಒಬ್ಬ ಸದಸ್ಯನಾದರೂ ಎದ್ದುನಿಂತು, ನಿಧಿ ಎಷ್ಟು ಬೆಳೆಯಿತೆಂದು ಕೇಳುವ ಮೊದಲು, ಅದು ಎಲ್ಲಿ ಬೆಳೆಯಿತೆಂದು ಕೇಳಲಿ. ಉತ್ತರ ಹೇಳಲಾಗದ ಧರ್ಮದರ್ಶಿ ಮಂಡಲಿಯು ಫಲಕ ಕೆತ್ತುವ ಶಿಲ್ಪಿಯನ್ನು ಸ್ವಲ್ಪಕಾಲ ಕಾಯಿಸುವುದು ಒಳ್ಳೆಯದು.