ಕಿಟ್ ಕೇಳುವ ಮೊದಲು ಕಾರ್ಬೊರೇಟರ್ ಮೇಲಿನ ನಂಬರ್ ಓದಿ



ದನದ ಡಾಕ್ಟರಿಗೆ ಮೇವು ಕಟಾವು ಯಂತ್ರದ ಕಾರ್ಬೊರೇಟರ್ ಸಹವಾಸ ಯಾಕೆ ಎಂದು ನೀವು ಕೇಳಬಹುದು. ಕಳೆದ ಬೇಸಿಗೆಯಲ್ಲಿ ಒಂದು ಕರೆ ಬಂತು. ದಿನಕ್ಕೆ 14 ಲೀಟರ್ ಕೊಡುತ್ತಿದ್ದ ಮಿಶ್ರತಳಿ ಹಸು 9ಕ್ಕೆ ಇಳಿದಿತ್ತು, ಫ್ಯಾಟೂ ಕಡಿಮೆ ಬರುತ್ತಿತ್ತು. ಹೋಗಿ ನೋಡಿದೆ. ಜ್ವರವಿಲ್ಲ, ಕೆಚ್ಚಲು ಮೆತ್ತಗಿದೆ, ಹಾಲಿನಲ್ಲಿ ಗಷ್ಟಿಲ್ಲ. ಎಡ ಪಕ್ಕೆಗೆ ಮುಷ್ಟಿ ಒತ್ತಿ ನಿಂತರೆ ಮೆಲುಕು ಚೀಲ ಸೋಮಾರಿಯಂತೆ ಎಲ್ಲೋ ಒಮ್ಮೆ ಹೊರಳುತ್ತಿತ್ತು. ಏನು ಮೇವು ಹಾಕುತ್ತಿದ್ದೀರಿ ಎಂದೆ. “ಮಿಷನ್ ಕೆಟ್ಟು 11 ದಿನ ಆಯ್ತು ಮೇಡಂ” ಎಂದರು ಆಕೆ.

ಮನೆ ಹಿಂದೆ ನೇಪಿಯರ್ ಹುಲ್ಲು ಆಳೆತ್ತರ ನಿಂತಿದೆ. ಕುಡುಗೋಲು ಹಿಡಿದು ಬಗ್ಗಲು ಆಕೆಯ ಸೊಂಟ ಒಪ್ಪುವುದಿಲ್ಲ. ಹಾಗಾಗಿ ಒಣ ಹುಲ್ಲು ಹಾಕಿ, ಹಾಲು ಇಳಿಯಬಾರದೆಂದು ಹಿಂಡಿ ಬೂಸವನ್ನು ಒಮ್ಮೆಗೇ ಹೆಚ್ಚಿಸಿದ್ದರು. ಮೆಲುಕು ಚೀಲದಲ್ಲಿರುವ ಸೂಕ್ಷ್ಮಜೀವಿಗಳು ಹೊಸ ಮೇವಿಗೆ ಹೊಂದಿಕೊಳ್ಳಲು ಎರಡು ಮೂರು ವಾರ ಬೇಕು. ಒಮ್ಮೆಗೇ ಬದಲಿಸಿದರೆ ಹೊಟ್ಟೆಯಲ್ಲಿ ಹುಳಿ ಹೆಚ್ಚುತ್ತದೆ, ಫ್ಯಾಟ್ ಬೀಳುತ್ತದೆ. ಹಸುವಿಗೆ ಔಷಧ ಬರೆದೆ. ಆದರೆ ಕಾಯಿಲೆ ಇದ್ದದ್ದು ಹಟ್ಟಿಯ ಮೂಲೆಯಲ್ಲಿ ಒರಗಿಸಿಟ್ಟ ಆ ಯಂತ್ರಕ್ಕೆ.

ಮೂರು ಸಲ ರಿಪೇರಿಗೆ ಹೋಗಿ ಬಂದಿತ್ತಂತೆ. ಪ್ರತಿ ಸಲವೂ “ಕಿಟ್ ಹಾಕಿದ್ದೀನಿ” ಎಂದು ದುಡ್ಡು ತೆಗೆದುಕೊಂಡಿದ್ದಾರೆ, ಪ್ರತಿ ಸಲವೂ ಎರಡು ದಿನ ಓಡಿ ನಿಂತಿದೆ. ನಮ್ಮ ಮನೆಯ ಅಡಿಕೆ ತೋಟದಲ್ಲೂ ಅಂಥದೇ ಯಂತ್ರವಿದೆ, ಅದನ್ನು ಬಿಚ್ಚಿ ಕೆಡಿಸಿಯೇ ನಾನು ಒಂದಿಷ್ಟು ಕಲಿತವಳು. ನಾಲ್ಕು ಸ್ಕ್ರೂ ತೆಗೆದು ನೋಡಿದೆ. ಒಳಗಿದ್ದ ಡಯಾಫ್ರಾಮ್ ಹೊಸದೇ. ಆದರೆ ಅದು ಆ ಕಾರ್ಬೊರೇಟರಿನದಲ್ಲ. ತೂತುಗಳು ಕೂಡದೆ ಅಂಚನ್ನು ಕತ್ತರಿಯಲ್ಲಿ ಕತ್ತರಿಸಿ ಕೂರಿಸಿದ್ದರು.

ಡಯಾಫ್ರಾಮ್ ಎಂದರೆ ತೆಳ್ಳನೆಯ ರಬ್ಬರ್ ಹಾಳೆ. ಬೈಕಿನ ಕಾರ್ಬೊರೇಟರಿನಲ್ಲಿರುವ ತೇಲುಗುಂಡು ಇಂಥ ಯಂತ್ರದಲ್ಲಿ ಇರುವುದಿಲ್ಲ, ಯಾಕೆಂದರೆ ನಾವು ಇದನ್ನು ಓರೆಯಾಗಿ, ಬೀಸುತ್ತಾ ಹಿಡಿಯುತ್ತೇವೆ. ಒಂದು ಹಾಳೆ ಪೆಟ್ರೋಲನ್ನು ಟ್ಯಾಂಕಿನಿಂದ ಎಳೆಯುತ್ತದೆ. ಇನ್ನೊಂದು ಹಾಳೆ ಸಣ್ಣ ಸನ್ನೆಯೊಂದನ್ನು ಒತ್ತಿ, ಸೂಜಿಯಂಥ ವಾಲ್ವ್ ತೆರೆದು, ಎಂಜಿನಿಗೆ ಬೇಕಾದಷ್ಟೇ ಬಿಡುತ್ತದೆ. ಚೆನ್ನಾಗಿರುವ ಹಾಳೆ ಆಗ ತಾನೇ ಒತ್ತಿದ ಹಪ್ಪಳದಂತೆ ಬಳುಕುತ್ತದೆ. ಹಾಳಾದದ್ದು ಒಣಗಿದ ಹಪ್ಪಳದಂತೆ ಸೆಟೆದು ಸದ್ದು ಮಾಡುತ್ತದೆ. ಚೋಕ್ ಹಾಕಿದರೆ ಮಾತ್ರ ಸ್ಟಾರ್ಟ್ ಆಗಿ, ರೇಸ್ ಕೊಟ್ಟೊಡನೆ ಆರಿಹೋದರೆ ಈ ಹಾಳೆಯನ್ನೇ ಅನುಮಾನಿಸಬೇಕು. ಆದರೆ ಅದಕ್ಕೂ ಮೊದಲು ಟ್ಯಾಂಕಿನೊಳಗಿನ ಫಿಲ್ಟರ್, ಪೆಟ್ರೋಲ್ ಪೈಪು, ಒತ್ತುವ ರಬ್ಬರ್ ಗುಬ್ಬಿ, ಪ್ಲಗ್ ಇವಿಷ್ಟನ್ನು ನೋಡಿ. ಪೈಪು ಬಿರುಕು ಬಿಟ್ಟಿದ್ದರೆ ಎಂಥ ಕಿಟ್ ಹಾಕಿಯೂ ಪ್ರಯೋಜನವಿಲ್ಲ.

ಈಗಿನ ಪೆಟ್ರೋಲಿನ ವಿಷಯವೂ ಇದೆ. ಶೇ. 20 ಎಥನಾಲ್ ಸೇರಿಸಿದ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಎಥನಾಲ್ ನೀರನ್ನು ಹೀರುತ್ತದೆ, ಹಳೆಯ ಬಗೆಯ ರಬ್ಬರಿಗೆ ಅದು ಆಗಿಬರುವುದಿಲ್ಲ. ಹಾಗಾಗಿ ಕಿಟ್ ಕೊಳ್ಳುವಾಗ ಎಥನಾಲ್ ತಡೆಯುವ ರಬ್ಬರಿನದೇ ಎಂದು ಕೇಳಿ. ಮಳೆಗಾಲದಲ್ಲಿ ಯಂತ್ರ ಮೂಲೆ ಸೇರುವ ಮೊದಲು ಟ್ಯಾಂಕ್ ಖಾಲಿ ಮಾಡಿ, ತಾನಾಗಿ ಆರುವ ತನಕ ಓಡಿಸಿ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಅಂಗಡಿಗೆ ಹೋಗಿ “52 ಸಿಸಿ ಮಿಷನ್ನಿಗೆ ಕಿಟ್ ಕೊಡಿ” ಎನ್ನಬೇಡಿ. ಯಂತ್ರದ ಹೆಸರು, ಸಿಸಿ ಸಾಲದು, ಒಂದೇ ಕಂಪನಿಯ ಯಂತ್ರಕ್ಕೆ ಬೇರೆ ಬೇರೆ ಕಾರ್ಬೊರೇಟರ್ ಬಂದಿರುತ್ತದೆ. ಕಾರ್ಬೊರೇಟರನ್ನು ಒರೆಸಿ ನೋಡಿದರೆ ಅದರ ಮೈಮೇಲೆಯೇ ಅಕ್ಷರ, ಅಂಕಿ ಕೊರೆದಿರುತ್ತದೆ. ವಾಲ್ಬ್ರೋದ್ದಾದರೆ ‘ಡಬ್ಲ್ಯುಟಿ’ ಎಂಬಂಥ ಅಕ್ಷರ, ಜಾಮಾದ್ದಾದರೆ ‘ಸಿ1ಯು’ ಎಂಬಂಥದ್ದು, ಅದರ ಮುಂದೆ ನಂಬರ್. ಕಿಟ್ ಆ ನಂಬರಿಗೆ ಹೊಂದಬೇಕು. ನಂಬರೇ ಇಲ್ಲದಿದ್ದರೆ ಹಳೆಯ ಹಾಳೆ, ಗ್ಯಾಸ್ಕೆಟ್ ಎರಡನ್ನೂ ಅಂಗಡಿಗೆ ಒಯ್ದು ತೂತಿಗೆ ತೂತು ಹೊಂದಿಸಿ ತನ್ನಿ.

ಕಿಟ್‌ನಲ್ಲೂ ಎರಡು ಬಗೆ. ವಾಲ್ಬ್ರೋದಲ್ಲಿ ‘ಡಿ’ ಎಂದು ಶುರುವಾಗುವುದರಲ್ಲಿ ಹಾಳೆ, ಗ್ಯಾಸ್ಕೆಟ್ ಮಾತ್ರ. ‘ಕೆ’ ಎಂದು ಶುರುವಾಗುವುದರಲ್ಲಿ ಸೂಜಿ ವಾಲ್ವ್, ಸನ್ನೆ, ಸ್ಪ್ರಿಂಗ್, ಜಾಲರಿ ಕೂಡ ಇರುತ್ತವೆ. ಜಾಮಾದಲ್ಲಿ ಕ್ರಮವಾಗಿ ‘ಜಿಎನ್‌ಡಿ’, ‘ಆರ್‌ಬಿ’. ಮೂರು ನಾಲ್ಕು ವರ್ಷ ದುಡಿದ ಯಂತ್ರಕ್ಕೆ ದೊಡ್ಡ ಕಿಟ್ಟನ್ನೇ ಹಾಕಿಸಿ ಎನ್ನುತ್ತೇನೆ. ಹೊಸ ಹಾಳೆಯ ಕೆಳಗೆ ಸವೆದ ಸೂಜಿ ಉಳಿದರೆ ಪೆಟ್ರೋಲ್ ಸೋರಿ ಎಂಜಿನ್ ಮುಳುಗುತ್ತದೆ, ಮತ್ತೆ ಬಿಚ್ಚುವ ಕೂಲಿ ದಂಡ.

ಜೋಡಿಸುವಾಗ ಕ್ರಮ ತಪ್ಪಬಾರದು. ಈ ಬಗೆಯ ಹೆಚ್ಚಿನವುಗಳಲ್ಲಿ ಸನ್ನೆ ಇರುವ ಕಡೆ ಮೊದಲು ಗ್ಯಾಸ್ಕೆಟ್, ಮೇಲೆ ಹಾಳೆ. ಪೆಟ್ರೋಲ್ ಎಳೆಯುವ ಕಡೆ ಮೊದಲು ಹಾಳೆ, ಮೇಲೆ ಗ್ಯಾಸ್ಕೆಟ್. ನಾನು ಇದನ್ನೇ ಅದಲು ಬದಲು ಮಾಡಿ ಅರ್ಧ ದಿನ ಹಗ್ಗ ಎಳೆದು ಭುಜ ನೋಯಿಸಿಕೊಂಡಿದ್ದೆ. ಈಗ ಬಿಚ್ಚುವಾಗ ಹೆಜ್ಜೆ ಹೆಜ್ಜೆಗೂ ಮೊಬೈಲಿನಲ್ಲಿ ಫೋಟೊ ತೆಗೆಯುತ್ತೇನೆ. ತೂತುಗಳಿಗೆ ತಂತಿ ಚುಚ್ಚಬೇಡಿ, ಅವು ದೊಡ್ಡದಾದರೆ ಅಳತೆಯೇ ಕೆಡುತ್ತದೆ. ಕ್ಲೀನರ್ ಸ್ಪ್ರೇ ಹೊಡೆಯುವ ಮೊದಲು ರಬ್ಬರ್ ಭಾಗಗಳನ್ನೆಲ್ಲ ತೆಗೆದಿಡಿ. ಒಲೆಯ ಹತ್ತಿರವಂತೂ ಈ ಕೆಲಸ ಬೇಡವೇ ಬೇಡ.

ಇಷ್ಟೆಲ್ಲ ಯಾಕೆ, ಅಗ್ಗದ ಹೊಸ ಕಾರ್ಬೊರೇಟರನ್ನೇ ಹಾಕಿಬಿಡೋಣ ಎನ್ನುವವರಿದ್ದಾರೆ. ಮೈ ಕೊರೆದುಹೋಗಿದ್ದರೆ, ಸ್ಕ್ರೂ ಮರೆ ಸವೆದಿದ್ದರೆ, ರೇಸಿನ ಕಡ್ಡಿ ಅಲ್ಲಾಡುತ್ತಿದ್ದರೆ ಅವರ ಮಾತು ಸರಿ. ಉಳಿದಂತೆ ನಾನು ಒಪ್ಪುವುದಿಲ್ಲ. ಟೂ ಸ್ಟ್ರೋಕ್ ಎಂಜಿನಿಗೆ ಎಣ್ಣೆ ಹೋಗುವುದು ಪೆಟ್ರೋಲಿನ ಜೊತೆಗೇ. ಅಳತೆ ಕೂಡದ ಕಾರ್ಬೊರೇಟರ್ ಪೆಟ್ರೋಲ್ ಕಡಿಮೆ ಬಿಟ್ಟರೆ ಎಣ್ಣೆಯೂ ಕಡಿಮೆಯಾಗಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಉಳಿಸಿದ ದುಡ್ಡಿನ ಹತ್ತು ಪಟ್ಟು ಆಗ ಹೋಗುತ್ತದೆ. ಎಣ್ಣೆಯ ಲೆಕ್ಕವನ್ನೂ ಪುಸ್ತಕ ನೋಡಿಯೇ ಹಾಕಿ. 25ಕ್ಕೆ 1 ಎಂದಿದ್ದರೆ ಲೀಟರಿಗೆ 40 ಮಿಲಿ, 50ಕ್ಕೆ 1 ಎಂದಿದ್ದರೆ 20 ಮಿಲಿ.

ನನ್ನ ತಕರಾರು ಮೆಕ್ಯಾನಿಕ್ ಮೇಲಷ್ಟೇ ಅಲ್ಲ. ಯಂತ್ರ ಕೊಂಡದ್ದು ಹಾಲಿನ ಬಟವಾಡೆಯಲ್ಲಿ, ದಿನಾ ಹೆಗಲಿಗೆ ಹಾಕಿಕೊಳ್ಳುವವರು ನೀವು. ಆದರೆ ಕೆಟ್ಟಾಗ ಮಾತ್ರ ಅದು “ಗಂಡಸರ ವಿಷಯ” ಆಗಿ, ಯಜಮಾನರಿಗೋ ಮಗನಿಗೋ ಪುರುಸೊತ್ತಾಗುವವರೆಗೆ ಕಾಯುತ್ತದೆ. ಹಸುವಿನ ಕಿವಿಯೋಲೆ ನಂಬರ್ ಬಾಯಿಪಾಠ ಇರುವ ನಿಮಗೆ ಕಾರ್ಬೊರೇಟರ್ ನಂಬರ್ ಏನು ಕಷ್ಟ? ರಿಪೇರಿಗೆ ನೀವೇ ಹೋಗಿ, ಯಾವ ಕಿಟ್ ಎಂದು ಕೇಳಿ, ಅದರ ಖಾಲಿ ಪೊಟ್ಟಣವನ್ನೂ ಬಿಚ್ಚಿದ ಹಳೆಯ ಭಾಗಗಳನ್ನೂ ಕೈಗೆ ತೆಗೆದುಕೊಳ್ಳಿ.

ಆ ಹಳೆಯ ಭಾಗಗಳನ್ನು ಹಟ್ಟಿಯಲ್ಲಿ ಬಿಸಾಡಬೇಡಿ, ಇದು ಡಾಕ್ಟರಾಗಿ ಹೇಳುವ ಮಾತು. ಹಸು ಮೇವನ್ನು ಆರಿಸಿ ತಿನ್ನುವುದಿಲ್ಲ. ಮೊಳೆ, ತಂತಿ, ಚೂಪಾದ ಚೂರು ಹೊಟ್ಟೆಗೆ ಹೋದರೆ ಎರಡನೇ ಜಠರವನ್ನು ಚುಚ್ಚಿ ಹೃದಯದ ಚೀಲದವರೆಗೂ ಹೋಗಬಹುದು. ಪೆಟ್ರೋಲ್ ಚೆಲ್ಲಿದ ಹುಲ್ಲನ್ನೂ ಹಾಕಬೇಡಿ, ಹೊಟ್ಟೆ ಉಬ್ಬರಿಸುತ್ತದೆ, ಶ್ವಾಸಕೋಶಕ್ಕೆ ಇಳಿದರೆ ಉಳಿಸಿಕೊಳ್ಳುವುದು ಕಷ್ಟ.

ಆ ಮನೆಯ ಯಂತ್ರಕ್ಕೆ ಸರಿಯಾದ ಕಿಟ್ ಸಿಗಲು ಇನ್ನೂ ನಾಲ್ಕು ದಿನ ಹಿಡಿಯಿತು. ಹಸಿರು ಮೇವನ್ನು ದಿನಕ್ಕಿಷ್ಟು ಎಂದು ಹೆಚ್ಚಿಸುತ್ತಾ ಹೋದೆವು. ಹಾಲು 12 ಲೀಟರಿಗೆ ಏರಿ ನಿಂತಿತು, ಆ ಸೂಲಿನಲ್ಲಿ ಮತ್ತೆ 14 ಮುಟ್ಟಲಿಲ್ಲ. ಆಕೆ ಈಗ ಕಾರ್ಬೊರೇಟರ್ ನಂಬರನ್ನು ಹಾಲಿನ ಪಾಸ್‌ಬುಕ್ಕಿನ ಹಿಂದಿನ ಪುಟದಲ್ಲಿ, ಹಸುವಿನ ಗರ್ಭಧಾರಣೆ ತಾರೀಖಿನ ಕೆಳಗೆ ಬರೆದಿಟ್ಟಿದ್ದಾರೆ. ಮುಂದಿನ ತಿಂಗಳು ಜಂತುಹುಳು ಔಷಧಕ್ಕೆಂದು ನಿಮ್ಮ ಸಂಘಕ್ಕೆ ಬಂದಾಗ ನಿಮ್ಮ ಯಂತ್ರದ ನಂಬರನ್ನೂ ತೋರಿಸಿ. ಒಂದೇ ನಂಬರಿನವು ಐದಾರು ಇದ್ದರೆ ಸಂಘದಿಂದಲೇ ಎರಡು ಕಿಟ್ ತರಿಸಿಡುವಂತೆ ಕಾರ್ಯದರ್ಶಿಯವರಲ್ಲಿ ಒಟ್ಟಿಗೆ ಕೇಳೋಣ.