ಗೊಂಬೆಗಳ ಊರಿನ ಪ್ರಾಜೆಕ್ಟ್ ಲೇಥ್ ಪಕ್ಕದಲ್ಲೇ ಹುಟ್ಟಲಿ

ಎಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟ್ ನಮ್ಮ ಎಷ್ಟೋ ಕಾಲೇಜುಗಳಲ್ಲಿ ಹೇಗೆ ನಡೆಯುತ್ತಿದೆ ಎಂಬುದು ಗುಟ್ಟಿನ ಸಂಗತಿಯೇನಲ್ಲ. ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಹೋಗಿ ಒಂದು ಆರ್ಡುಯಿನೊ ಬೋರ್ಡು, ನಾಲ್ಕು ಹಳದಿ ಗೇರ್ ಮೋಟರು, ಒಂದು ಅಲ್ಟ್ರಾಸಾನಿಕ್ ಸೆನ್ಸರ್ ತಂದರೆ ಅಡ್ಡ ಬಂದದ್ದನ್ನು ಕಂಡು ತಿರುಗುವ ಗಾಡಿ ಸಿದ್ಧ. ಕೆಲವರು ಅಷ್ಟು ಶ್ರಮವನ್ನೂ ಪಡದೆ, ಕೋಡ್ ಮತ್ತು ವರದಿ ಸಮೇತ ಜೋಡಿಸಿಟ್ಟ ಪ್ರಾಜೆಕ್ಟನ್ನೇ ದುಡ್ಡು ಕೊಟ್ಟು ತರುತ್ತಾರೆ. ವೈವಾ ಮುಗಿದ ಮೇಲೆ ಅದು ಲ್ಯಾಬಿನ ಬೀರು ಸೇರುತ್ತದೆ. ಮಾಡಿದವರ ಊರು ಯಾವುದು, ಅವರ ಕೈಗೆ ಏನು ಬರುತ್ತದೆ ಎಂಬುದರ ಸುಳಿವೂ ಅದರಲ್ಲಿ ಇರುವುದಿಲ್ಲ.

ಚನ್ನಪಟ್ಟಣ ತಾಲ್ಲೂಕಿನ ಬೈರಾಪಟ್ಟಣದಂಥ ಊರಿನಿಂದ ಬಸ್ಸು ಹಿಡಿದು ಕಾಲೇಜಿಗೆ ಹೋಗುವ ಮಕ್ಕಳ ಮಟ್ಟಿಗೆ ಇದು ಇನ್ನೂ ದೊಡ್ಡ ನಷ್ಟ. ರಾಮನಗರದಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಶುರುವಾದದ್ದು 2007ರಲ್ಲಿ. ಪಕ್ಕದ ಚನ್ನಪಟ್ಟಣದಲ್ಲಿ ಅದಕ್ಕೂ ಎಷ್ಟೋ ತಲೆಮಾರು ಮೊದಲಿನಿಂದ ಮರ ಕಡೆಯುವ ವಿದ್ಯೆ ನಡೆದುಬಂದಿದೆ. ಎರಡೂ ವಿದ್ಯೆಗಳ ನಡುವೆ ಒಡನಾಟ ಬೆಳೆಯಬೇಕಾದಷ್ಟು ಬೆಳೆದಿಲ್ಲ.

ಲೇಥ್ ಮುಂದೆ ಒಂದು ಗಂಟೆ ಕುಳಿತರೆ ಏನು ಕಳೆದುಕೊಳ್ಳುತ್ತಿದ್ದೇವೆ ಎಂಬುದು ತಿಳಿಯುತ್ತದೆ. ಆಲೆ ಮರದ ತುಂಡನ್ನು ತಿಂಗಳುಗಟ್ಟಲೆ ಒಣಗಿಸಿ, ಲೇಥಿಗೆ ಸಿಕ್ಕಿಸಿ, ಉಳಿ ಹಿಡಿದು ಕಡೆಯುತ್ತಾರೆ. ಆಮೇಲೆ ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಅಲ್ಲಿ ಒಲೆಯಿಲ್ಲ, ಬೆಂಕಿಯಿಲ್ಲ. ಉಜ್ಜಾಟದ ಕಾವಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಗರಿಯೊಂದನ್ನು ಮೇಲೆ ಅದುಮಿ ಹಿಡಿದರೆ ಬಣ್ಣ ಸಮನಾಗಿ ಹರಡಿ ಹೊಳಪು ಏಳುತ್ತದೆ. ವೇಗ, ಒತ್ತಡ, ಶಾಖ ಮೂರನ್ನೂ ಆ ಮನುಷ್ಯ ಕಣ್ಣು, ಕಿವಿ, ಬೆರಳುಗಳಿಂದಲೇ ಅಳೆದು, ಆ ಕ್ಷಣವೇ ತಿದ್ದಿಕೊಳ್ಳುತ್ತಿರುತ್ತಾರೆ. ರೊಬಾಟಿಕ್ಸ್ ತರಗತಿಯಲ್ಲಿ ಒಂದು ಸೆಮಿಸ್ಟರ್ ಪೂರ್ತಿ ಕಲಿಸುವ ಫೀಡ್‌ಬ್ಯಾಕ್ ಕಂಟ್ರೋಲ್ ಎಂದರೆ ಇದೇ.

ಈಗ ಒಬ್ಬ ವಿದ್ಯಾರ್ಥಿನಿ ಚಪ್ಪಾಳೆ ಕೇಳಿ ಕಿವಿ ಅಲ್ಲಾಡಿಸುವ ಮರದ ಆನೆಯನ್ನು ಮಾಡಹೊರಟಳು ಎಂದುಕೊಳ್ಳಿ. ಮೈಕು, ಬೋರ್ಡು, ಸಣ್ಣ ಸರ್ವೊ ಮೋಟರು ಎಲ್ಲವೂ ಹೊಟ್ಟೆಯೊಳಗೆ ಕೂರಬೇಕು. ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್‌ನ ಬಿಸಿ 300 ಡಿಗ್ರಿ ದಾಟುತ್ತದೆ. ಅರಗು ಅದಕ್ಕಿಂತ ಬಹಳ ಕಡಿಮೆ ಬಿಸಿಗೇ ಮೆತ್ತಗಾಗುತ್ತದೆ. ಹಾಗಾಗಿ ಬಣ್ಣ ಹಚ್ಚಿದ ಮೇಲೆ ಒಳಗೆ ಬೆಸುಗೆ ಹಾಕುವಂತಿಲ್ಲ. ವೈರು ತುಂಬಿದ ಮೇಲೆ ಲೇಥಿಗೆ ಸಿಕ್ಕಿಸಿ ಬಣ್ಣ ಹಚ್ಚುವಂತೆಯೂ ಇಲ್ಲ. ಒಡಲನ್ನು ಎರಡು ಹೋಳಾಗಿ ಕಡೆದು, ಬೇರೆ ಬೇರೆಯಾಗಿ ಬಣ್ಣ ಹಚ್ಚಿ, ಹೊರಗೆ ಬೆಸುಗೆ ಮುಗಿಸಿದ ಸರ್ಕ್ಯೂಟನ್ನು ಒಳಗಿಟ್ಟು, ಕೊನೆಗೆ ಗೂಟ ಹಾಕಿ ಜೋಡಿಸಬೇಕು. ಮರ ಸರಿಯಾಗಿ ಒಣಗಿರದಿದ್ದರೆ ದಿನ ಕಳೆದಂತೆ ಕುಗ್ಗಿ ಕಿವಿಯ ದಂಡ ಬಿಗಿದುಕೊಳ್ಳುತ್ತದೆ. ಹಳದಿ ಮೋಟರಿನ ಗಾಡಿ ಇಂಥ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಇದಕ್ಕೆ ಉತ್ತರ ಹೇಳಬಲ್ಲವರು ಲೇಥ್ ಮುಂದೆ ಕುಳಿತಿದ್ದಾರೆ.

ಯಂತ್ರ ಬಂದರೆ ಕಲೆ ಕೆಡುತ್ತದೆ ಎಂಬ ಆತಂಕವನ್ನು ನಾನು ಒಪ್ಪುವುದಿಲ್ಲ. ಕೈಯಿಂದ ತಿರುಗಿಸುತ್ತಿದ್ದ ಲೇಥಿಗೆ ವಿದ್ಯುತ್ ಮೋಟರು ಬಂದಾಗಲೂ ಗೊಂಬೆ ಗೊಂಬೆಯಾಗಿಯೇ ಉಳಿಯಿತು. ಚನ್ನಪಟ್ಟಣದ ಕಸುಬಿಗೆ ಹೊಸ ದಾರಿ ತೋರಿದವರೆಂದು ನೆನೆಯಲಾಗುವ ಬಾವಾಸ್ ಮಿಯಾ ಕಳೆದ ಶತಮಾನದ ಆರಂಭದಲ್ಲಿ ತಂತ್ರ ಕಲಿತದ್ದು ಜಪಾನಿನಿಂದ. ಅದೇ ಜಪಾನಿನಲ್ಲಿ ಚಹಾ ಬಟ್ಟಲು ಹಿಡಿದು ಅತಿಥಿಯ ಬಳಿ ನಡೆದುಬರುವ ಮರದ ಯಂತ್ರಗೊಂಬೆಗಳಿದ್ದವು. 1799ರಲ್ಲಿ ಹುಟ್ಟಿದ ತನಾಕಾ ಹಿಸಾಶಿಗೆ ಎಂಬಾತ ಆಮೆಚಿಪ್ಪಿನ ಕೆಲಸಗಾರನ ಮಗ. ಬತ್ತಳಿಕೆಯಿಂದ ಬಾಣ ತೆಗೆದು ಹೂಡಿ ಬಿಡುವ ಗೊಂಬೆ ಮಾಡಿ ಹೆಸರಾದವನು. ಆತ 1875ರಲ್ಲಿ ಟೋಕಿಯೊದಲ್ಲಿ ತೆರೆದ ಕಾರ್ಯಾಗಾರವೇ ಮುಂದೆ ಬೆಳೆದು ತೋಷಿಬಾ ಕಂಪನಿಯಾಯಿತು. ಗೊಂಬೆಯಿಂದ ಎಲೆಕ್ಟ್ರಾನಿಕ್ಸ್‌ಗೆ ಹೋಗುವ ದಾರಿ ಒಬ್ಬರ ಬದುಕಿನ ದುಡಿಮೆಯಷ್ಟೇ ದೂರ.

ನಮ್ಮ ಮಕ್ಕಳು ಎಸ್‌.ಪಿ. ರಸ್ತೆಯಿಂದ ತರುವ ಆರ್ಡುಯಿನೊ ಕೂಡ 2005ರಲ್ಲಿ ಇಟಲಿಯ ಇವ್ರೆಯಾ ಪಟ್ಟಣದ ವಿನ್ಯಾಸ ಶಾಲೆಯಲ್ಲಿ ಹುಟ್ಟಿದ್ದು. ಎಲೆಕ್ಟ್ರಾನಿಕ್ಸ್ ಓದಿರದ ವಿನ್ಯಾಸದ ವಿದ್ಯಾರ್ಥಿಗಳೂ ಬಳಸಲಿ ಎಂದೇ ಅದನ್ನು ರೂಪಿಸಿದರು. ಅದನ್ನು ನಾವು ಎಲೆಕ್ಟ್ರಾನಿಕ್ಸ್ ವಿಭಾಗದ ನಾಲ್ಕು ಗೋಡೆಯೊಳಗೆ ಕೂಡಿಹಾಕಿದ್ದೇವೆ.

ಗೊಂಬೆಯೊಳಗೆ ಚಿಪ್ ಕೂರಿಸುವುದಷ್ಟೇ ಗುರಿಯಾದರೆ ಸಾಲದು. ನನ್ನ ದೃಷ್ಟಿಯಲ್ಲಿ ಹೆಚ್ಚು ತುರ್ತಿನ ಪ್ರಾಜೆಕ್ಟುಗಳು ಬೇರೆ ಇವೆ: ಮರದ ತೇವ ಅಳೆಯುವ ಅಗ್ಗದ ಮೀಟರು, ಲೇಥ್ ಪಕ್ಕದಲ್ಲೇ ಮರದ ಪುಡಿ ಎಳೆದುಕೊಳ್ಳುವ ಸಣ್ಣ ಯಂತ್ರ, ಸೆರಗು ಸಿಕ್ಕಿಕೊಂಡರೆ ತಟ್ಟನೆ ನಿಲ್ಲುವ ಮೋಟರು. ಇವು ಕುಶಲಕರ್ಮಿಯ ಎದೆ, ಕೈ, ದಿನದ ಕೂಲಿ ಕಾಪಾಡುವ ಕೆಲಸಗಳು.

ಮಾರುಕಟ್ಟೆಯ ಪ್ರಶ್ನೆಯೂ ಇದೆ. ಚನ್ನಪಟ್ಟಣದ ಗೊಂಬೆಗೆ 2005–06ರಲ್ಲೇ ಭೌಗೋಳಿಕ ಸೂಚಿ ಮಾನ್ಯತೆ ದೊರೆತಿದೆ. 2021ರ ಜನವರಿ 1ರಿಂದ ದೇಶದಲ್ಲಿ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾದಾಗ ನೋಂದಾಯಿತ ಕುಶಲಕರ್ಮಿಗಳಿಗೂ ಭೌಗೋಳಿಕ ಸೂಚಿ ಬಳಕೆದಾರರಿಗೂ ವಿನಾಯಿತಿ ಸಿಕ್ಕಿತು. ಆದರೆ ಬ್ಯಾಟರಿ ಹಾಕಿದ ಆಟಿಕೆಗಳಿಗೆ ಐಎಸ್ 15644 ಎಂಬ ಪ್ರತ್ಯೇಕ ಸುರಕ್ಷತಾ ಮಾನದಂಡವಿದೆ. ವಿನಾಯಿತಿ ಏನೇ ಇರಲಿ, ಮಗು ಬಾಯಿಗೆ ಹಾಕಿಕೊಳ್ಳುವ ವಸ್ತುವಿನೊಳಗೆ ಬ್ಯಾಟರಿ ಇಡುವವರು ಆ ಮಾನದಂಡ ಓದಿಕೊಂಡಿರಲೇಬೇಕು. ಕುಶಲಕರ್ಮಿಯ ಪರವಾಗಿ ಓದಿ, ಪರೀಕ್ಷಿಸಿ, ಬರೆದಿಡುವ ಕೆಲಸ ಎಂಜಿನಿಯರಿಂಗ್ ವಿದ್ಯಾರ್ಥಿಗೆ ತಕ್ಕದ್ದು.

ಇದಕ್ಕೆ ಹೊಸ ಸಂಸ್ಥೆ ಬೇಕಿಲ್ಲ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದಲೂ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ಧನಸಹಾಯ ಕೊಡುತ್ತ ಬಂದಿದೆ. ಆ ಅರ್ಜಿಯಲ್ಲಿ ಮಾರ್ಗದರ್ಶಕರ ಹೆಸರಿನ ಕೆಳಗೆ ಕುಶಲಕರ್ಮಿಯ ಹೆಸರಿಗೂ ಜಾಗವಿರಲಿ. ಕೊಟ್ಟ ಸಮಯಕ್ಕೆ ಅವರಿಗೆ ಗೌರವಧನ ಸಲ್ಲಲಿ. ವೈವಾ ದಿನ ಪರೀಕ್ಷಕರ ಸಾಲಿನಲ್ಲಿ ಅವರಿಗೊಂದು ಕುರ್ಚಿ ಹಾಕಲಿ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಮನಸ್ಸು ಮಾಡಿದರೆ ಬರುವ ಶೈಕ್ಷಣಿಕ ವರ್ಷದಿಂದಲೇ ಇದು ಸಾಧ್ಯ. ಜಿಲ್ಲೆಯ ಪ್ರತಿ ಎಂಜಿನಿಯರಿಂಗ್ ಕಾಲೇಜೂ ಈ ಬಾರಿ ಕನಿಷ್ಠ ಒಂದು ತಂಡವನ್ನು ಚನ್ನಪಟ್ಟಣದ ಲೇಥ್ ಮನೆಗೆ ಕಳಿಸಲಿ.